ನನ್ನ ವೋಟು ಹಾಳಾಗಿಲ್ಲ

ಎಣಿಕೆಯ ದಿನ ಸಂಜೆಯಾಯಿತೆಂದರೆ ನಮ್ಮ ಕಡೆ ಓಣಿ ಓಣಿಯಲ್ಲಿ ಒಂದು ಮಾತು ಕೇಳಿಬರುತ್ತದೆ. 'ನಿಮ್ಮ ವೋಟು ಹಾಳಾತು ನೋಡ್ರಿ.' ಹೇಳುವವರ ಮುಖದಲ್ಲಿ ಸಿಟ್ಟಿರುವುದಿಲ್ಲ, ಒಂದು ಬಗೆಯ ಅನುಕಂಪ ಇರುತ್ತದೆ. ಒಲೆಯ ಮೇಲಿಟ್ಟ ಹಾಲು ಒಡೆದು ಹೋದಾಗ ನೆರೆಮನೆಯವರು ತೋರಿಸುವಂಥ ಅನುಕಂಪ.

ನಾನು ಇದನ್ನು ಕಡೆಯ ಸಲ ಕೇಳಿದ್ದು 2024ರ ನವೆಂಬರ್ 23ರಂದು, ಶಿಗ್ಗಾವಿಯಲ್ಲಿ. ಅದು ನನ್ನ ತವರೂರು. ಅಂದು ಉಪಚುನಾವಣೆಯ ಫಲಿತಾಂಶ ಬಂದಿತ್ತು. ನಾನೂ ನಮ್ಮ ವೈನಿಯೂ ಪಡಸಾಲೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆವು. ಹೊರಗೆ ಪಟಾಕಿ ಸದ್ದು. ಎದುರು ಮನೆಯವರು ಬಂದು ಬಾಗಿಲಲ್ಲೇ ನಿಂತು ಆ ಮಾತು ಅಂದರು. ವೈನಿ ತಲೆ ಎತ್ತಲಿಲ್ಲ. 'ಹಾಳಾಗಾಕ ಅದೇನ್ ಬಾಳಿಹಣ್ಣೇನ್ರಿ?' ಅಂದಳು. ಆಕೆ ಯಾರಿಗೆ ಹಾಕಿದ್ದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಎದುರು ಮನೆಯವರಿಗೂ ಗೊತ್ತಿರಲಿಲ್ಲ. ಮನೆಯ ಗಂಡಸರು ಯಾರ ಹಿಂದೆ ತಿರುಗಾಡುತ್ತಿದ್ದರೆಂದು ಅವರಿಗೆ ಗೊತ್ತಿತ್ತು, ಅಷ್ಟೆ. ಅದರ ಮೇಲೆ ಹೆಂಗಸರ ವೋಟನ್ನೂ ಲೆಕ್ಕ ಹಾಕಿಬಿಟ್ಟಿದ್ದರು.

ಈ 'ಹಾಳಾತು' ಎಂಬ ಮಾತಿನ ಮೇಲೆ ನನಗೆ ಬಹಳ ದಿನದ ಸಿಟ್ಟಿದೆ. ಅದನ್ನು ಇಲ್ಲಿ ತೀರಿಸಿಕೊಳ್ಳಬೇಕೆಂದಿದ್ದೇನೆ.

ಮೊದಲು ಲೆಕ್ಕದ ಮಾತೇ ಆಗಲಿ. ಶಿಗ್ಗಾವಿ, ಸವಣೂರು ಎರಡೂ ಸೇರಿ ಒಂದೇ ವಿಧಾನಸಭಾ ಕ್ಷೇತ್ರ. 2008ರಿಂದ 2023ರವರೆಗೆ ನಾಲ್ಕು ಸಲ ಅಲ್ಲಿ ಬಸವರಾಜ ಬೊಮ್ಮಾಯಿಯವರು ಗೆದ್ದರು. 2021ರಲ್ಲಿ ಮುಖ್ಯಮಂತ್ರಿಯೂ ಆದರು. 2023ರಲ್ಲಿ ಅವರಿಗೆ ಬಿದ್ದ ಮತ 1,00,016. ಎದುರಾಳಿ ಪಠಾಣರಿಗೆ ಬಿದ್ದದ್ದು 64,038. ಮರುವರ್ಷ ಬೊಮ್ಮಾಯಿಯವರು ಲೋಕಸಭೆಗೆ ಹೋದರು. ತೆರವಾದ ಸ್ಥಾನಕ್ಕೆ ಉಪಚುನಾವಣೆ ನಡೆದಾಗ ಅದೇ ಪಠಾಣರು ಭರತ್ ಬೊಮ್ಮಾಯಿಯವರನ್ನು 13,448 ಮತಗಳಿಂದ ಸೋಲಿಸಿದರು. ಹಾಗಾದರೆ ಒಂದೂವರೆ ವರ್ಷದ ಹಿಂದೆ 'ಹಾಳಾಗಿದ್ದ' ಅರವತ್ನಾಲ್ಕು ಸಾವಿರ ವೋಟು ಈಗ ಒಳ್ಳೆಯವಾದವೆ? ಆಗ ಒಳ್ಳೆಯವಾಗಿದ್ದವು ಈಗ ಹಾಳಾದವೆ? ಎಣಿಸುವ ಕೋಣೆಯಿಂದ ಹೊರಬರುವಾಗ ಗುಣ ಬದಲಾಗಲು ಅದೇನು ಮಂತ್ರಿಸಿದ ನಿಂಬೆಹಣ್ಣೆ?

ಹಾನಗಲ್ಲಿನದೂ ಇದೇ ಕಥೆ. 2018ರಲ್ಲಿ ಅಲ್ಲಿ ಗೆದ್ದವರು ಸಿ.ಎಂ. ಉದಾಸಿಯವರು, ಸೋತವರು ಶ್ರೀನಿವಾಸ ಮಾನೆಯವರು. ಉದಾಸಿಯವರು ತೀರಿಕೊಂಡ ಮೇಲೆ 2021ರ ಅಕ್ಟೋಬರಿನಲ್ಲಿ ಉಪಚುನಾವಣೆ ನಡೆಯಿತು, ಸೋತವರು ಗೆದ್ದರು.

ಹಿರೇಕೆರೂರಿನದಂತೂ ಇನ್ನೂ ಸ್ವಾರಸ್ಯ. 2018ರಲ್ಲಿ ಬಿ.ಸಿ. ಪಾಟೀಲರು ಕಾಂಗ್ರೆಸ್ಸಿನಿಂದ, ಯು.ಬಿ. ಬಣಕಾರರು ಬಿಜೆಪಿಯಿಂದ ನಿಂತಿದ್ದರು. ಪಾಟೀಲರು ಗೆದ್ದದ್ದು ಬರೇ 555 ಮತಗಳಿಂದ. ನಮ್ಮ ಕಡೆ ಒಂದು ದೊಡ್ಡ ಮದುವೆಗೆ ಇದಕ್ಕಿಂತ ಹೆಚ್ಚು ಜನ ಬರುತ್ತಾರೆ. 2019ರಲ್ಲಿ ಪಾಟೀಲರು ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಬಿಜೆಪಿ ಸೇರಿದರು, ಡಿಸೆಂಬರಿನ ಉಪಚುನಾವಣೆಯಲ್ಲಿ ಗೆದ್ದರು. 2023ರ ಹೊತ್ತಿಗೆ ಬಣಕಾರರು ಕಾಂಗ್ರೆಸ್ಸಿಗೆ ಬಂದಿದ್ದರು. ಆ ಸಲ ಅವರು ಗೆದ್ದರು, ಪಾಟೀಲರು ಸೋತರು. ಇಬ್ಬರು ಅವರೇ, ಚಿಹ್ನೆ ಮಾತ್ರ ಅದಲುಬದಲು. ನಾನು ಆ ತಾಲೂಕಿನ ಒಂದು ಶಾಲೆಯಲ್ಲಿ ಹದಿನಾಲ್ಕು ವರ್ಷ ಇದ್ದವಳು. ಅಲ್ಲಿ ಬಿಸಿಯೂಟ ಮಾಡುತ್ತಿದ್ದವಳು ಈಚೆಗೆ ಒಂದು ಮದುವೆಯಲ್ಲಿ ಸಿಕ್ಕಿದ್ದಳು. ಊಟಕ್ಕೆ ಪಕ್ಕದಲ್ಲೇ ಕೂತು ಹೇಳಿದಳು: 'ನಾ ನಿಂತಲ್ಲೇ ನಿಂತೇನ್ರಿ ಅಕ್ಕಾರ. ಅವ್ರೇ ಇಬ್ರೂ ಜಾಗಾ ಬದ್ಲಿ ಮಾಡ್ಯಾರ. ನನ್ನ ವೋಟು ಹಾಳಾತೋ ಉಳೀತೋ ನನಗ ತಿಳೀದಾಂಗ ಆಗೇತಿ.'

ಆಕೆ ಮನುಷ್ಯನನ್ನು ನೋಡಿ ಹಾಕಿದವಳೋ ಚಿಹ್ನೆ ನೋಡಿ ಹಾಕಿದವಳೋ ನಾನು ಕೇಳಲಿಲ್ಲ. ಕೇಳಬಾರದು. ಚುನಾವಣೆ ಕೆಲಸಕ್ಕೆ ಹೋದ ಮಾಸ್ತರರಿಗೂ ಅಕ್ಕಾರರಿಗೂ ಅದೊಂದು ಅಭ್ಯಾಸ ಅಂಟಿಕೊಂಡುಬಿಡುತ್ತದೆ. ಹಾನಗಲ್ಲಿಗೆ ಸೊಸೆಯಾಗಿ ಬಂದ ಮೇಲೆ ಈ ನಾಲ್ಕೂ ತಾಲೂಕುಗಳಲ್ಲಿ ಒಂದಲ್ಲ ಒಂದು ಚುನಾವಣೆಗೆ ನಾನು ದುಡಿದಿದ್ದೇನೆ. ಹೆಚ್ಚಿನ ಸಲ ನನ್ನ ಪಾಲಿಗೆ ಬಂದದ್ದು ಶಾಯಿ ಹಚ್ಚುವ ಕೆಲಸ. ಮೈಸೂರಿನ ಬಣ್ಣದ ಕಾರ್ಖಾನೆಯಿಂದ ಬರುವ ಆ ಸಣ್ಣ ಶೀಶೆ ಹಿಡಿದು ಎಷ್ಟು ಸಾವಿರ ಹೆಂಗಸರ ಎಡಗೈ ಹಿಡಿದಿದ್ದೇನೋ ಲೆಕ್ಕವಿಲ್ಲ. ಸೆಗಣಿ ವಾಸನೆಯ ಕೈ, ಮೆಣಸಿನಕಾಯಿ ಬಿಡಿಸಿ ಉರಿಯುತ್ತಿದ್ದ ಕೈ, ಮದರಂಗಿಯ ಕೈ, ವೀಳ್ಯದೆಲೆಯ ಕೊಯ್ಲಿಗೆ ಹೋಗಿ ಉಗುರು ಕಪ್ಪಾದ ಸವಣೂರಿನವರ ಕೈ. ಶಾಯಿ ಹಚ್ಚಿಸಿಕೊಳ್ಳುವಾಗ ಕೆಲವರ ಬೆರಳು ನಡುಗುತ್ತಿತ್ತು. ಹೊರಗೆ ಮನೆಯವರು ಕಾಯುತ್ತಿರುತ್ತಿದ್ದರು, 'ಯಾವುದಕ್ಕ ಹಾಕಿದಿ?' ಎಂದು ಕೇಳಲು.

ಇಲ್ಲಿ ಕಾನೂನು ಏನು ಹೇಳುತ್ತದೆಂದು ನಮ್ಮ ಅಕ್ಕತಂಗಿಯರಿಗೆ ಗೊತ್ತಿರಲಿ. 1951ರ ಪ್ರಜಾಪ್ರತಿನಿಧಿ ಕಾಯಿದೆಯ 94ನೇ ಕಲಮಿನಲ್ಲಿ ಸ್ಪಷ್ಟವಾಗಿದೆ: ಯಾರಿಗೆ ಮತ ಹಾಕಿದೆಯೆಂದು ಹೇಳುವಂತೆ ಸಾಕ್ಷಿಯನ್ನಾಗಲಿ ಬೇರೆ ಯಾರನ್ನಾಗಲಿ ಬಲವಂತ ಮಾಡುವಂತಿಲ್ಲ. ನ್ಯಾಯಾಲಯದ ಕಟಕಟೆಯಲ್ಲಿ ನಿಲ್ಲಿಸಿದರೂ ಕೇಳುವಂತಿಲ್ಲ. ಕಟಕಟೆಯಲ್ಲಿ ಕೇಳಲಾಗದ್ದನ್ನು ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು ಕೇಳುತ್ತಾರೆ. ನಾವು ಹೇಳುತ್ತೇವೆ. ಹೇಳದಿದ್ದರೆ 'ಇವಳು ಬ್ಯಾರೆಯವರಿಗೆ ಹಾಕ್ಯಾಳ' ಎಂದು ತಿಳಿಯುತ್ತಾರೆ. ಸುಳ್ಳು ಹೇಳಿದರೆ ಪಾಪವೇನೋ ಎಂದು ನಾವು ಹೆದರುತ್ತೇವೆ. ಈ ವಿಷಯದಲ್ಲಿ ಹೇಳಿದ ಸುಳ್ಳಿಗೆ ಪಾಪ ತಟ್ಟುವುದಿಲ್ಲವೆಂದು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ನನ್ನ ಈ ಉಪದೇಶದ ಬಗ್ಗೆ ನಮ್ಮ ಮನೆಯವರಿಗೆ ತಕರಾರಿದೆ, ಅದಿರಲಿ.

ಈಗ ನಮ್ಮ ಅವ್ವನ ಕಥೆ ಹೇಳಬೇಕು. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

1967ರಲ್ಲಿ ಶಿಗ್ಗಾವಿಯಿಂದ ವಿಧಾನಸಭೆಗೆ ಆರಿಸಿ ಹೋದವರು ಎಸ್. ನಿಜಲಿಂಗಪ್ಪನವರು. ಚಿತ್ರದುರ್ಗದ ಕಡೆಯವರು, ನಮ್ಮ ಊರಿನಿಂದ ಗೆದ್ದು ಮುಖ್ಯಮಂತ್ರಿಯಾಗಿದ್ದರು. ನಮ್ಮ ಅಪ್ಪನದು ಸಣ್ಣ ಕಿರಾಣಿ ಅಂಗಡಿ. ಅಪ್ಪನಿಗೆ ಅವರೆಂದರೆ ದೇವರು. 1968ರಲ್ಲಿ ಅವರು ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾದರು, ಮುಖ್ಯಮಂತ್ರಿ ಪದವಿ ಬಿಟ್ಟರು. ಮರುವರ್ಷ ಮೇ ತಿಂಗಳಲ್ಲಿ ರಾಷ್ಟ್ರಪತಿ ಜಾಕಿರ್ ಹುಸೇನರು ತೀರಿಕೊಂಡರು. ಕಾಂಗ್ರೆಸ್ಸು ನೀಲಂ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿಯೆಂದು ಆರಿಸಿತು. ವಿ.ವಿ. ಗಿರಿಯವರು ಸ್ವತಂತ್ರರಾಗಿ ನಿಂತರು. ಪಕ್ಷದ ಅಭ್ಯರ್ಥಿಗೇ ಹಾಕಬೇಕೆಂದು ಪಕ್ಷದ ಅಧ್ಯಕ್ಷರು; ಆತ್ಮಸಾಕ್ಷಿಯಂತೆ ಹಾಕಿ ಎಂದು ಪ್ರಧಾನಿ ಇಂದಿರಾ ಗಾಂಧಿ. ಆಗಸ್ಟ್ 20ರಂದು ಎಣಿಕೆ. ಮೊದಲ ಪ್ರಾಶಸ್ತ್ಯದ ಮತಗಳಲ್ಲಿ ಯಾರಿಗೂ ಬೇಕಾದಷ್ಟು ಬರಲಿಲ್ಲ. ಎರಡನೆಯ ಪ್ರಾಶಸ್ತ್ಯವನ್ನೂ ಎಣಿಸಿದ ಮೇಲೆ ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427. ಗಿರಿ ಗೆದ್ದರು. ನವೆಂಬರಿನಲ್ಲಿ ನಿಜಲಿಂಗಪ್ಪನವರು ಪ್ರಧಾನಿಯನ್ನೇ ಪಕ್ಷದಿಂದ ಹೊರಹಾಕಿದರು, ಕಾಂಗ್ರೆಸ್ಸು ಎರಡಾಯಿತು.

ನಾನಾಗ ಹನ್ನೊಂದು ವರ್ಷದವಳು. ಅಂಗಡಿಯ ಮುಂದೆ ರೇಡಿಯೋ ಸುತ್ತ ಗಂಡಸರು ಕೂತು ಬಿಸಿ ಬಿಸಿ ಮಾತಾಡುತ್ತಿದ್ದದ್ದು ನೆನಪಿದೆ. ಅವ್ವ ಒಳಗಿನಿಂದಲೇ ಕೇಳಿದಳು: 'ಆತ್ಮಸಾಕ್ಷಿ ಅಂದ್ರ ಏನ್ರಿ?' ಅಪ್ಪ, 'ಅದು ದೊಡ್ಡವರ ಮಾತು, ನಿನಗ್ಯಾಕ. ಚಹಾ ಕಳಸು' ಎಂದ.

ಗಿರಿಯವರನ್ನು ಒಪ್ಪದೆ ಮತ ಹಾಕಿದವರೂ ತಮ್ಮ ಕಾರಣವನ್ನು ಎದೆ ಸೆಟೆಸಿ ಹೇಳಿದರು: ಪಕ್ಷವೆಂದ ಮೇಲೆ ಶಿಸ್ತು ಬೇಡವೆ? ರೆಡ್ಡಿಯವರನ್ನು ಒಪ್ಪದವರೂ ಹೇಳಿದರು: ಆತ್ಮಸಾಕ್ಷಿಗಿಂತ ಶಿಸ್ತು ದೊಡ್ಡದೆ? ಪತ್ರಿಕೆಗಳು ಬರೆದವು, ಪುಸ್ತಕಗಳು ಬಂದವು. ಸೋತ ಕಡೆಗೆ ಹಾಕಿದವರನ್ನು ಯಾರೂ 'ವೋಟು ಹಾಳು ಮಾಡಿಕೊಂಡಿರಿ' ಎನ್ನಲಿಲ್ಲ. ಅವರದು ಸಿದ್ಧಾಂತ, ನಿಲುವು, ಇತಿಹಾಸ. ಅದೇ ಕೆಲಸ ಒಬ್ಬ ಹೆಂಗಸು ಮಾಡಿದರೆ ಹಟ, ತಿಳಿಗೇಡಿತನ, ತವರುಮನೆಯ ಚಾಳಿ.

1971ರ ಮಾರ್ಚಿನಲ್ಲಿ ಲೋಕಸಭೆ ಚುನಾವಣೆ ಬಂತು. ಇಂದಿರಾ ಗಾಂಧಿಯವರ ಪಕ್ಷಕ್ಕೆ ಆಕಳು-ಕರುವಿನ ಚಿಹ್ನೆ. ನಿಜಲಿಂಗಪ್ಪನವರ ಕಡೆಗೆ ಚರಕ ನೂಲುವ ಹೆಂಗಸಿನ ಚಿಹ್ನೆ. ಅಷ್ಟರಲ್ಲಿ ನಮ್ಮ ಅಪ್ಪ ಬದಲಾಗಿದ್ದ. ಗಾಳಿ ಬಂದಾಗ ತೂರಿಕೊಳ್ಳಬೇಕು ಎಂದು ವ್ಯಾಪಾರಸ್ಥನಿಗೆ ಬೇರೆ ಹೇಳಬೇಕೆ? ಮನೆಯಲ್ಲಿ ಆಕಳು-ಕರು ಎಂದು ಅಪ್ಪಣೆಯಾಯಿತು. ಅವ್ವ ತಲೆಯಾಡಿಸಿದಳು, ಸೆರಗು ಹೊದ್ದು ಹೋಗಿ ಹಾಕಿ ಬಂದಳು. ಕರ್ನಾಟಕದ 27ಕ್ಕೆ 27 ಸ್ಥಾನಗಳನ್ನೂ ಆಕಳು-ಕರುವೇ ಗೆದ್ದಿತು. ಅಪ್ಪ ಓಣಿಗೆಲ್ಲ ಪೇಢೆ ಹಂಚಿದ.

ಅವ್ವ ಆ ಪೇಢೆಯನ್ನು ತಿಂದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅಪ್ಪ ಹೋಗಿ ಎಷ್ಟೋ ವರ್ಷಗಳ ಮೇಲೆ, ನಾನು ಚುನಾವಣೆ ಕೆಲಸ ಮುಗಿಸಿ ದಣಿದು ತವರಿಗೆ ಬಂದಿದ್ದ ಒಂದು ರಾತ್ರಿ, ಆಕೆ ತಾನಾಗಿಯೇ ಹೇಳಿದಳು. 'ನಾ ಅವತ್ತ ಚರಕದ ಹೆಣ್ಮಗಳಿಗೆ ಹಾಕಿದ್ನೆವಾ.' ಯಾಕೆ ಅಂದೆ. 'ಆ ಮನಶ್ಯಾ ನಮ್ಮೂರಿಗೆ ಕೈಮುಗದು ವೋಟು ಕೇಳಾಕ ಬಂದಿದ್ರು. ನಾಕು ವರ್ಷ ಆಗಿರ್ಲಿಲ್ಲ. ಸೋಲ್ತಾರಂತ ಬಿಡೂದು ಹ್ಯಾಂಗ? ನಿಮ್ಮಪ್ಪನ ಅಂಗಡಿಗೆ ಉದ್ರಿ ತಗೊಂಡು ಹೋದವ್ರು ಓಣಿ ಬದಲಿಸಿದ್ರ ನಿಮ್ಮಪ್ಪ ಏನಂತಿದ್ದ?'

ಅವ್ವನ ಕಾರಣ ಸರಿಯೋ ತಪ್ಪೋ, ರಾಜಕೀಯ ಬಲ್ಲವರು ನಗಬಹುದು. ಬ್ಯಾಂಕುಗಳ ರಾಷ್ಟ್ರೀಕರಣ, ಗರೀಬಿ ಹಟಾವೋ ಮುಂತಾದ ದೊಡ್ಡ ಮಾತುಗಳ ನಡುವೆ ಆಕೆ ಕೊಟ್ಟ ಮಾತನ್ನು ಹಿಡಿದುಕೊಂಡಿದ್ದಳು. ನನಗೇ ಅದು ಪೂರ್ತಿ ಒಪ್ಪಿಗೆಯಿಲ್ಲ. ಆದರೆ ಅದು ಆಕೆಯ ಕಾರಣವಾಗಿತ್ತು. ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಓಡಾಡಿದಳಲ್ಲ, ಅದೇ ನನ್ನ ಹೊಟ್ಟೆ ಉರಿಸಿದ್ದು. 1969ರಲ್ಲಿ ಸಂಸತ್ ಸದಸ್ಯರಿಗೆ, ಶಾಸಕರಿಗೆ ಇದ್ದ ಆತ್ಮಸಾಕ್ಷಿ 1971ರಲ್ಲಿ ನಮ್ಮ ಅವ್ವನಿಗೂ ಇತ್ತು. ಆಕೆಯ ಮೇಲೆ ಮನೆಯ ವಿಪ್ ಜಾರಿಯಾಗಿತ್ತು.

ಅಂದಹಾಗೆ ರಾಷ್ಟ್ರಪತಿಯ ಚುನಾವಣೆಯಲ್ಲಿ ಪಕ್ಷಗಳು ವಿಪ್ ಹೊರಡಿಸುವಂತಿಲ್ಲ, ಮತ ಗುಪ್ತ. ಅಲ್ಲಿ ನಮಗೆ ವೋಟಿಲ್ಲ, ನಮ್ಮ ಶಾಸಕರೇ ಹಾಕುತ್ತಾರೆ. ಕರ್ನಾಟಕದ ಒಬ್ಬ ಶಾಸಕರ ಒಂದು ಮತದ ಬೆಲೆ 131 ಎಂದು ಲೆಕ್ಕ. 2007ರಲ್ಲಿ ಪ್ರತಿಭಾ ಪಾಟೀಲರು, 2022ರಲ್ಲಿ ದ್ರೌಪದಿ ಮುರ್ಮು ಅವರು ಗೆದ್ದಾಗ ಎರಡು ಸಲವೂ ಬೇರೆ ಬೇರೆ ಪಕ್ಷದ ಶಾಸಕರು ಆ ಗೆದ್ದ ಹೆಣ್ಣುಮಗಳಿಗೆ ವಿರೋಧವಾಗಿ ನಿಂತರು. ನಿಲ್ಲಲಿ, ಅವರ ಹಕ್ಕು. ಯಾಕೆ ನಿಂತೆವೆಂದು ಊರಿಗೆ ಬಂದು ನಮ್ಮ ಹೆಂಗಸರೆದುರು ಯಾರಾದರೂ ಹೇಳಿದ್ದನ್ನು ನಾನಂತೂ ಕೇಳಿಲ್ಲ. ಯಾರೂ ಅವರ ಹೊಸ್ತಿಲಲ್ಲಿ ನಿಂತು 'ಯಾವುದಕ್ಕ ಹಾಕಿದ್ರಿ' ಎಂದು ಗದರಿಸಲೂ ಇಲ್ಲ.

ಇನ್ನು ನಮ್ಮ ನೆಗೆಣ್ಣಿ. ಸವಣೂರಿನ ಮನೆಯಲ್ಲಿರುವವಳು, ನನಗಿಂತ ಎಂಟು ವರ್ಷ ಸಣ್ಣವಳು. ಯಾವ ಚುನಾವಣೆ, ಯಾವ ಅಭ್ಯರ್ಥಿ ಎಂಬುದನ್ನು ಬರೆಯುವುದಿಲ್ಲ. ಬರೆದರೆ ನೀವು ಪಕ್ಷ ಹುಡುಕುತ್ತೀರಿ. ಈ ರೋಗ ಎಲ್ಲ ಪಕ್ಷಕ್ಕೂ ಇದೆ. ಅಭ್ಯರ್ಥಿ ಮನೆಗೆ ಬಂದರು, ಜೊತೆಗೆ ಇಪ್ಪತ್ತು ಜನ. ನಮ್ಮ ಮಾವನವರು ಕಟ್ಟೆಯ ಮೇಲೆ ಕೂತಿದ್ದರು. ಅಭ್ಯರ್ಥಿ ಅವರ ಕಾಲು ಮುಟ್ಟಿ, 'ಯಜಮಾನ್ರ, ನಿಮ್ಮ ಮನ್ಯಾಗ ಏಳು ವೋಟು ಅದಾವು, ಲೆಕ್ಕ ಹಿಡಿದೇನಿ' ಅಂದರು. ನೆಗೆಣ್ಣಿ ತಂಬಿಗೆಯಲ್ಲಿ ನೀರು ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ಅವರು ತಂಬಿಗೆ ಇಸಿದುಕೊಂಡು, ನೀರು ಕುಡಿದು, ತಂಬಿಗೆ ವಾಪಸು ಕೊಟ್ಟರು. ಅಷ್ಟೂ ಹೊತ್ತು ಆಕೆಯ ಕಡೆ ಒಂದು ಸಲ ನೋಡಲಿಲ್ಲ.

'ಏಳರಾಗ ಮೂರು ನಾವು ಹೆಣ್ಮಕ್ಕಳು. ನಮ್ಮನ್ನ ಮಾವನವ್ರ ಕಿಸೇದಾಗಿನ ರೊಕ್ಕಾ ಎಣಿಸಿಧಾಂಗ ಎಣಿಸಿದ್ರು ಅಕ್ಕಾ' ಎಂದು ಆಕೆ ನನಗೆ ಹೇಳಿದಳು. ಆತ ಗೆದ್ದರು. ಆಕೆ ಹಾಕಿರಲಿಲ್ಲ. ರಸ್ತೆ, ನೀರು, ಪಕ್ಷ, ಧರ್ಮ ಯಾವುದರ ಮಾತೂ ಅಲ್ಲ. ನೀರು ಕೊಟ್ಟವಳ ಮುಖ ನೋಡಲಿಲ್ಲ ಎಂಬುದೇ ಕಾರಣ. ಇದು ಕ್ಷುಲ್ಲಕ ಕಾರಣವೆನ್ನುವವರು ಗಂಡಸರೇ ಇರಬೇಕು. ಎದುರಿಗಿದ್ದ ಮತದಾರಳನ್ನು ಕಾಣದವರು ಗೆದ್ದ ಮೇಲೆ ಯಾರನ್ನು ಕಂಡಾರು?

ಹೆಸರಿಲ್ಲದೆ ಎಣಿಸುವ ಈ ಪದ್ಧತಿ ಹಳೆಯದು. ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆಗೆ, 1951-52ರಲ್ಲಿ, ಪಟ್ಟಿ ತಯಾರಿಸುವಾಗ ಉತ್ತರದ ಹಲವು ಪ್ರಾಂತ್ಯಗಳಲ್ಲಿ ಹೆಂಗಸರು ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದೇ ಬರೆಸಿದ್ದರಂತೆ. ಅಂದಿನ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನರು ಇದನ್ನು ಒಪ್ಪಲಿಲ್ಲ. ಸ್ವಂತ ಹೆಸರು ಕೊಡದಿದ್ದ ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ತೆಗೆಯಬೇಕಾಯಿತು. ಕಠಿಣವೆನಿಸುತ್ತದೆ. ಆದರೆ ಮುಂದಿನ ಚುನಾವಣೆಯ ಹೊತ್ತಿಗೆ ಬಹಳ ಜನ ಹೆಸರು ಕೊಟ್ಟು ಬಂದರು. ಈಗ ಪಟ್ಟಿಯಲ್ಲಿ ನಮ್ಮ ಹೆಸರಿದೆ, ಫೋಟೋ ಇದೆ. ಕಟ್ಟೆಯ ಮೇಲಿನ ಲೆಕ್ಕದಲ್ಲಿ ಮಾತ್ರ ಇನ್ನೂ 'ಏಳು ವೋಟು.'

ಹೆಂಗಸರ ಕಾರಣಗಳೆಲ್ಲ ಚಿನ್ನದಂಥವು ಎಂದು ನಾನು ಹೇಳುವುದಿಲ್ಲ. 'ಅವ್ರು ನಮ್ಮ ಮಂದಿ ಅಲ್ಲ' ಎಂಬ ಒಂದೇ ಕಾರಣಕ್ಕೆ ಒಳ್ಳೆಯ ಅಭ್ಯರ್ಥಿಯನ್ನು ಬಿಟ್ಟವರನ್ನು ಕಂಡಿದ್ದೇನೆ; ಅವರಲ್ಲಿ ಓದಿದವರೇ ಹೆಚ್ಚು. ಹಿರೇಕೆರೂರು ತಾಲೂಕಿನ ಒಬ್ಬಾಕೆಯೊಡನೆ ನಾನು ಜಗಳವನ್ನೇ ಆಡಿದ್ದೇನೆ. ಆಕೆ ಸ್ವಸಹಾಯ ಸಂಘದ ಪ್ರತಿನಿಧಿ, ಬಾಯಿ ಜೋರು. 'ಸೀರಿ ತಗೊಂಡೆ, ವೋಟು ಕೊಡ್ಲಿಲ್ಲ' ಎಂದು ನಗುತ್ತ ಹೇಳಿದಳು. ಬೇಡವೆಂದು ತಿರುಗಿಸಿ ಕೊಡಬೇಕಿತ್ತು, ತೆಗೆದುಕೊಂಡದ್ದೇ ತಪ್ಪು, ಲಂಚ ಕೊಡುವವನಷ್ಟೇ ತೆಗೆದುಕೊಂಡವಳೂ ಅಪರಾಧಿ ಎಂದು ಶಾಲೆಯ ಧಾಟಿಯಲ್ಲಿ ಶುರುಮಾಡಿದೆ. ಆಕೆ ಸುಮ್ಮನೆ ಕೇಳಿ ಕೊನೆಗೆ ಅಂದಳು: 'ಅಕ್ಕಾರ, ತಿರುಗಿಸಿ ಕೊಟ್ರ ನಾ ಯಾರ ಕಡೆ ಅಂತ ಅವತ್ತ ಸಂಜಿಕಿಗೇ ಊರಿಗೆಲ್ಲ ಗೊತ್ತಾಗ್ತದ. ನಿಮಗ ಪಗಾರ ಐತಿ, ಪಿಂಚಣಿ ಬರ್ತದ. ನನಗ ನಾಳೆ ಪಂಚಾಯ್ತಿ ಕಟ್ಟಿ ಹತ್ತೂದು ಐತಿ.' ಸೀರೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಯಾಕೆಂದರೆ ಆಕೆ ಹೇಳಿದ್ದು ನಿಜ. ನಾನು ಕೆಲಸ ಮಾಡಿದ ಮತಪತ್ರದ ಕಾಲದಲ್ಲಿ ಹಲವು ಬೂತುಗಳ ಚೀಟಿಗಳನ್ನು ಬೆರೆಸಿ ಎಣಿಸುವ ಅವಕಾಶವಿತ್ತು. ಯಾವ ಹಳ್ಳಿ ಯಾರಿಗೆ ಹಾಕಿತೆಂದು ಹೇಳುವುದು ಕಷ್ಟವಾಗುತ್ತಿತ್ತು. 2004ರ ಲೋಕಸಭೆ ಚುನಾವಣೆಗೆ ದೇಶಕ್ಕೆಲ್ಲ ಯಂತ್ರ ಬಂತು. ಯಂತ್ರದಿಂದ ಲಾಭ ಬಹಳ, ಬೂತು ಲೂಟಿ ಕಡಿಮೆಯಾಯಿತು, ಚೀಟಿ ಕೆಡುವ ಭಯವಿಲ್ಲ. ಆದರೆ ಒಂದೊಂದು ಯಂತ್ರದ ಲೆಕ್ಕ ಬೇರೆ ಬೇರೆಯಾಗಿಯೇ ಬರುತ್ತದೆ. ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಎಂಬ ಪಟ್ಟಿ ಪ್ರಕಟವಾಗುತ್ತದೆ. ಹಲವು ಯಂತ್ರಗಳ ಮತಗಳನ್ನು ಒಟ್ಟುಗೂಡಿಸಿ ತೋರಿಸುವ 'ಟೋಟಲೈಸರ್' ಎಂಬ ಸಲಕರಣೆ ಬಳಸೋಣವೆಂದು ಚುನಾವಣಾ ಆಯೋಗ 2008ರಲ್ಲೇ ಕೇಂದ್ರ ಸರಕಾರಕ್ಕೆ ಹೇಳಿತು. 2015ರಲ್ಲಿ ಕಾನೂನು ಆಯೋಗವೂ ಹೌದೆಂದಿತು. ಕೇಂದ್ರ ಸರಕಾರ ಒಪ್ಪಲಿಲ್ಲ. ಬೂತಿನ ಲೆಕ್ಕ ಗೊತ್ತಾದರೆ ಎಲ್ಲಿ ಹೆಚ್ಚು ಕೆಲಸ ಮಾಡಬೇಕೆಂದು ತಿಳಿಯುತ್ತದೆ ಎಂಬ ವಾದವೂ ಉಂಟು. ನಮ್ಮ ಊರುಗಳಲ್ಲಿ ಆ ಲೆಕ್ಕ ನೋಡಿ ಎಲ್ಲಿ ಕೆಲಸ ಮಾಡಬಾರದು ಎಂಬುದನ್ನು ತಿಳಿಯುತ್ತಾರೆ.

ಗ್ರಾಮ ಪಂಚಾಯತಿಗೆ ಬಂದರೆ ಗುಟ್ಟೆಂಬುದು ಇನ್ನೂ ತೆಳುವು. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ ಎಂಬುದು ನಮ್ಮ ಪಂಚಾಯತ್ ರಾಜ್ ಕಾಯಿದೆಯ ಅಳತೆ. ನಾಲ್ಕು ಓಣಿಯ ವಾರ್ಡಿನಲ್ಲಿ ಯಾರ ಮನೆಯದು ಯಾವ ಕಡೆ ಎಂದು ಬೆರಳೆಣಿಸಿ ಹೇಳಿಬಿಡುತ್ತಾರೆ. ಹಾನಗಲ್ಲ ತಾಲೂಕಿನ ಒಂದು ಹಳ್ಳಿ, ಹೆಸರು ಬೇಡ. ಅಲ್ಲಿ ನನ್ನ ಶಿಷ್ಯೆಯೊಬ್ಬಳನ್ನು ಕೊಟ್ಟಿದ್ದಾರೆ. 2020ರ ಡಿಸೆಂಬರಿನ ಪಂಚಾಯತಿ ಚುನಾವಣೆಯಲ್ಲಿ ಆ ಓಣಿಯ ಹೆಂಗಸರು ಗೆದ್ದವರಿಗೆ ಹಾಕಲಿಲ್ಲ. ಕಾರಣ ಸರಳ. ಆ ಓಣಿಯಲ್ಲೇ ಕದ್ದು ಸಾರಾಯಿ ಪ್ಯಾಕೀಟು ಮಾರುವ ಮನೆಯೊಂದಿತ್ತು. ಅದನ್ನು ಮುಚ್ಚಿಸುತ್ತೀರಾ ಎಂದು ವೋಟು ಕೇಳಲು ಬಂದಾಗ ಕೇಳಿದರು. 'ನೋಡೋಣ' ಎಂಬ ಉತ್ತರ ಬಂತು. ನಮ್ಮ ಕಡೆ 'ನೋಡೋಣ' ಎಂದರೆ ಏನರ್ಥವೆಂದು ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆ ಕಾರಣವನ್ನು ಅವರು ಬಾಯಿಬಿಟ್ಟು ಹೇಳಿದ್ದೇ ತಪ್ಪಾಯಿತು. ಎಣಿಕೆ ಮುಗಿದು ತಿಂಗಳಾಗಿರಲಿಲ್ಲ, ಓಣಿಯ ಕಂಬದ ಬಲ್ಬು ಹೋಯಿತು. ಹೇಳಿದರು, ಯಾರೂ ಬರಲಿಲ್ಲ. ನಳದ ನೀರು ಬೇರೆ ಓಣಿಗೆ ಬೆಳಿಗ್ಗೆ, ಇವರಿಗೆ ನಡುರಾತ್ರಿ. ಕತ್ತಲಲ್ಲಿ ಕೊಡ ಹಿಡಿದು ನಿಲ್ಲಬೇಕು. ಗಂಡಸರು ಮನೆಯಲ್ಲಿ ಬೈದರು: 'ಗೆಲ್ಲಾವ್ರಿಗೆ ಹಾಕಿದ್ರ ಏನ್ ಗಂಟು ಹೋಗ್ತಿತ್ತು? ಹಾಳು ಮಾಡಿದ್ರಿ.' ನನ್ನ ಶಿಷ್ಯೆ ಅರ್ಜಿ ಬರೆದಳು. ಅಕ್ಷರ ಕಲಿಸಿದವಳೆಂದು ನನಗೆ ತೋರಿಸಿದಳು. ಒಂದೂ ತಪ್ಪಿರಲಿಲ್ಲ. ಅರ್ಜಿಗೆ ಸಹಿ ಹಾಕಲು ಹನ್ನೊಂದು ಹೆಂಗಸರು ಬಂದರು, ಉಳಿದವರು ಬಾಗಿಲು ಮುಂದೆ ಮಾಡಿಕೊಂಡರು.

ವೋಟು ಹಾಳಾದದ್ದು ಎಲ್ಲಿ? ಬೇಡವೆನಿಸಿದವರಿಗೆ ಬೇಡವೆಂದು ಹೇಳಿದ ಹೆಂಗಸಿನ ಕೈಯಲ್ಲೋ, ಗೆದ್ದ ಮೇಲೆ ಬಲ್ಬು ಕಿತ್ತುಕೊಂಡವರ ಕೈಯಲ್ಲೋ? ಗೆದ್ದವರಿಗೆ ಹಾಕಿದವರು ಯಾಕೆ ಹಾಕಿದರೆಂದು ಟೀವಿಯವರು ಕೇಳುತ್ತಾರೆ, ಪತ್ರಿಕೆಯವರು ಬರೆಯುತ್ತಾರೆ. ಗೆದ್ದವರಂತೂ ಅದೆಲ್ಲ ತಮ್ಮ ವರ್ಚಸ್ಸೆಂದುಕೊಂಡು ಹಾರ ಹಾಕಿಸಿಕೊಳ್ಳುತ್ತಾರೆ. ಹಾಕದೆ ಇದ್ದವಳ ಬಳಿ ಇರುವ ಸುದ್ದಿಯೇ ಬೇರೆ. ಕದ್ದು ಮಾರುವ ಮನೆ ಎಲ್ಲಿದೆ, ನೀರು ಎಷ್ಟು ಹೊತ್ತಿಗೆ ಬರುತ್ತದೆ, ತಂಬಿಗೆ ಹಿಡಿದು ನಿಂತಾಗ ಯಾರು ಮುಖ ನೋಡಲಿಲ್ಲ ಎಂಬುದನ್ನೆಲ್ಲ ಆಕೆ ಪುಕ್ಕಟೆ ಹೇಳುತ್ತಾಳೆ. ಗೆದ್ದವನಿಗೆ ಬುದ್ಧಿಯಿದ್ದರೆ ಎಣಿಕೆಯ ಮಾರನೆಯ ದಿನ ಮೊದಲು ಹೋಗಬೇಕಾದದ್ದು ಅವಳ ಓಣಿಗೆ. 2013ರಲ್ಲಿ ಸುಪ್ರೀಂ ಕೋರ್ಟು 'ಮೇಲಿನ ಯಾರೂ ಅಲ್ಲ' ಎಂಬ ಗುಂಡಿಯನ್ನು ಕೊಡಿಸಿದಾಗ ನಾನು ಸಂತೋಷಪಟ್ಟಿದ್ದೆ. ಆದರೆ ಆ ಗುಂಡಿಗೂ ಕಾರಣ ಹೇಳುವ ಬಾಯಿಲ್ಲ. ಎಷ್ಟು ಜನ ಒತ್ತಿದರೆಂದು ಎಣಿಸುತ್ತಾರೆ, ಯಾಕೆ ಒತ್ತಿದರೆಂದು ಕೇಳುವವರಿಲ್ಲ.

ಅದಕ್ಕೇ ನಾನು ಈಗ ಮದುವೆಯಲ್ಲಿ, ಗಿರಣಿಯ ಮುಂದೆ, ಬಸ್ ನಿಲ್ದಾಣದಲ್ಲಿ ಯಾರಾದರೂ 'ನಿಮ್ಮ ವೋಟು ಹಾಳಾತು' ಎಂದರೆ ಸುಮ್ಮನಿರುವುದಿಲ್ಲ. 'ನಾ ಯಾಕ ಹಾಕ್ಲಿಲ್ಲ ಕೇಳ್ತೀರೇನು?' ಎಂದು ಅವರನ್ನೇ ಕೇಳುತ್ತೇನೆ. ಬಹಳ ಜನ ಕೆಲಸವಿದೆಯೆಂದು ಹೊರಡುತ್ತಾರೆ. ಕೆಲವರು ಕೂತು ಕೇಳಿದ್ದಾರೆ. ಅವರಲ್ಲಿ ಇಬ್ಬರು ಗೆದ್ದ ಕಡೆಯ ಗಂಡಸರೂ ಇದ್ದರು, ಇದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ.

2025ರ ದೀಪಾವಳಿಗೆ ಆ ಹಳ್ಳಿಗೆ ಹೋಗಿದ್ದೆ. ಬಸ್ಸು ತಡವಾಗಿ ಕತ್ತಲಾಗಿತ್ತು. ಓಣಿಯ ತಿರುವಿನಲ್ಲಿ ಕಾಲು ಎಡವೀತೆಂದು ಮೊಬೈಲಿನ ಬೆಳಕು ಹಿಡಿದು ಹೊರಟೆ, ಬೇಕಾಗಲಿಲ್ಲ. ಕಂಬದಲ್ಲಿ ಹೊಸ ಬಲ್ಬು, ಬೆಳ್ಳಗೆ ಉರಿಯುತ್ತಿತ್ತು. ಅದರ ಕೆಳಗೆ ಹುಡುಗರು ಪಟಾಕಿ ಆರಿಸುತ್ತಿದ್ದರು. ನನ್ನ ಶಿಷ್ಯೆ ಬಾಗಿಲಲ್ಲಿ ನಿಂತಿದ್ದಳು. ನಿನ್ನ ಅರ್ಜಿ ಫಲ ಕೊಟ್ಟಿತೇನೇ ಎಂದೆ.

'ಅರ್ಜಿ ಎಲ್ಲೀದ್ರಿ ಅಕ್ಕಾರ' ಎಂದು ನಕ್ಕಳು. 'ಪಂಚಾಯ್ತಿ ಅವಧಿ ಮುಗಿಯಾಕ ಬಂತಲ್ಲ. ಮೊನ್ನೆ ಬಂದು ಹಾಕಿ ಹೋಗ್ಯಾರ.'